ಕೊನೆಯ ಎಲೆಗೂ ಬಡಿಸೋಣ

ತರಗತಿಯ ಛಾವಣಿಯಲ್ಲಿರುವ ಬಿಳಿ ತಟ್ಟೆಯಂಥ ವೈಫೈ ಪೆಟ್ಟಿಗೆಯನ್ನು ನೀವೆಲ್ಲ ನೋಡಿದ್ದೀರಿ. ಅದೇ ಆಕ್ಸೆಸ್ ಪಾಯಿಂಟ್. ಅದಕ್ಕೆ ಬೇರೆ ಪ್ಲಗ್ ಇಲ್ಲ. ಇಂಟರ್‌ನೆಟ್ ತರುವ ಕೇಬಲ್ಲೇ ವಿದ್ಯುತ್ತನ್ನೂ ತರುತ್ತದೆ. ಬಡಿಸುವುದು ಸ್ವಿಚ್. ಪಂಕ್ತಿ ಊಟದಂತೆ, ಪಾತ್ರೆಯಲ್ಲಿ ಇದ್ದಷ್ಟೇ ಬಡಿಸಲು ಸಾಧ್ಯ.

ಸ್ವಿಚ್ಚಿಗೆ 24 ಪೋರ್ಟುಗಳಿವೆ ಎಂದ ಮಾತ್ರಕ್ಕೆ 24 ಪೆಟ್ಟಿಗೆಗಳಿಗೂ ಸಾಲುವುದಿಲ್ಲ. 2003ರ ಮಾನದಂಡದಲ್ಲಿ ಒಂದು ಪೋರ್ಟಿಗೆ 15.4 ವ್ಯಾಟ್ ಮಿತಿ, 2009ರದರಲ್ಲಿ 30, 2018ರದರಲ್ಲಿ 90ರವರೆಗೆ. ಅಂಗಡಿಯಲ್ಲಿ ಸಿಗುವ ಎಷ್ಟೋ 24 ಪೋರ್ಟಿನ ಸ್ವಿಚ್ಚುಗಳ ಒಟ್ಟು ಶಕ್ತಿ ಮಾತ್ರ 370 ವ್ಯಾಟ್. 30ರಿಂದ ಭಾಗಿಸಿ ನೋಡಿ ಮಕ್ಕಳೇ, ಹನ್ನೆರಡಕ್ಕೇ ಮುಗಿಯಿತು! ಹದಿಮೂರನೆಯ ತರಗತಿಗೆ ಪಾತ್ರೆ ಖಾಲಿ. ದಾರಿಖರ್ಚು ಬೇರೆ: 100 ಮೀಟರ್ ಕೇಬಲ್ಲಿನಲ್ಲಿ 30 ವ್ಯಾಟ್ ಹೊರಟರೆ ಆಚೆ ತುದಿಗೆ ಖಾತ್ರಿಯಾಗಿ ತಲುಪುವುದು 25.5.

ಹೊಸ ಪೆಟ್ಟಿಗೆಗಳನ್ನು ಕೊಳ್ಳುವ ಮೊದಲೇ ಶಾಲೆಗಳು ಈ ಲೆಕ್ಕವನ್ನು ಬರೆದು ಪಾಲಕರ ಸಭೆಯ ಮುಂದಿಡಬೇಕು ಎಂಬುದು ನಮ್ಮ ಅಭಿಪ್ರಾಯ. ಶುಲ್ಕ ಕಟ್ಟುವವರು ಪಾಲಕರೇ ಅಲ್ಲವೇ? ಕಾಲು ಭಾಗವನ್ನಾದರೂ ಮುಂದಕ್ಕೆ ಉಳಿಸಿಕೊಳ್ಳಬೇಕು. ಕ್ಯಾಮೆರಾ, ಐಪಿ ಫೋನುಗಳೂ ಇದೇ ಪಂಕ್ತಿಗೆ ಬಂದು ಕೂರುತ್ತವೆ.

ವಿದ್ಯುತ್ ಸಾಲದಾದಾಗ ಯಾವ ಪೋರ್ಟಿಗೆ ಆದ್ಯತೆ ಎಂದು ಇಂಥ ಸ್ವಿಚ್ಚುಗಳಲ್ಲಿ ಮೊದಲೇ ನಿಗದಿ ಮಾಡಬಹುದು. ಮೊದಲು ಆರಬೇಕಾದದ್ದು ಸ್ವಾಗತ ಕೊಠಡಿಯದು, ಬೇಕಾದರೆ ನಮ್ಮ ಶಿಕ್ಷಕರ ಕೊಠಡಿಯದು. ಮೂಲೆಯ ತರಗತಿಯದ್ದಲ್ಲ. ಕೊಲ್ಲಿ ನಾಡಿನ ನಮ್ಮಂಥ ಶಾಲೆಗಳಲ್ಲಿ ಹತ್ತು ಹನ್ನೆರಡು ಮಕ್ಕಳ ಕನ್ನಡ ಪಾಠಕ್ಕೆ ಸಿಗುವುದು ಹೆಚ್ಚಾಗಿ ಆ ಕೋಣೆಯೇ.