‘ಪ್ಲೀಸ್ ಬಾ, ಕೂಡು’

ಹೋದ ದೀಪಾವಳಿಗೆ ಅವ್ವ ಇಂಡಿಯಿಂದ ಭೋಸರಿಗೆ ಬಂದಿದ್ದಳು. ಹಬ್ಬದ ಮರುದಿನ ನಮ್ಮೂರ ಕಡೆಯ ಹಿರಿಯರೊಬ್ಬರು ಅವಳನ್ನು ಮಾತಾಡಿಸಲು ಮನೆಗೆ ಬಂದರು. ಇಲ್ಲಿನ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ವಯಸ್ಸು ಎಪ್ಪತ್ತರ ಆಸುಪಾಸು. ಬಾಗಿಲು ತೆರೆದ ನನ್ನ ಆರು ವರ್ಷದ ಮಗಳು ನಗುನಗುತ್ತಾ ‘ಪ್ಲೀಸ್ ಬಾ, ಕೂಡು’ ಅಂದಳು.

ಅವರು ನಕ್ಕು ಮಗುವಿನ ತಲೆ ಸವರಿದರು. ಅವ್ವನ ಮುಖ ಮಾತ್ರ ಸಣ್ಣದಾಯಿತು. ಅವರು ಹೋದ ಮೇಲೆ ಹೇಳಿದಳು: ‘ಇಂಗ್ಲಿಷಿನ್ಯಾಗ ಇಷ್ಟು ಮರ್ಯಾದಿ ಕಲಿಸೀರಿ, ನಮ್ಮ ಮಾತಿನ್ಯಾಗ ಒಂದು ‘ರೀ’ ಕಲಿಸಲಿಲ್ಲಲ್ಲೋ!’

ಮಗಳ ತಪ್ಪಿಲ್ಲ. ಅವಳು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುತ್ತಾಳೆ. ಪ್ಲೀಸ್, ಥ್ಯಾಂಕ್ ಯೂ, ಸಾರಿ, ಎಕ್ಸ್‌ಕ್ಯೂಸ್ ಮಿ ನರ್ಸರಿಯಿಂದಲೇ ಬಾಯಿಪಾಠ. ಮನೆಯಲ್ಲಿ ನಾವೂ ಅಷ್ಟೆ, ನೀರು ಕೇಳಿದರೆ ‘ಪ್ಲೀಸ್ ಅನ್ನು’ ಎಂದು ಹೇಳಿಸಿಯೇ ಲೋಟ ಕೊಡುತ್ತೇವೆ. ಪ್ಲೀಸ್ ಸೇರಿಸಿದರೆ ಮಾತಿಗೆ ಮರ್ಯಾದೆ ಬಂತು ಎಂಬುದು ಅವಳ ಲೆಕ್ಕ.

ಇಂಗ್ಲಿಷಿನಲ್ಲಿ ಆ ಲೆಕ್ಕ ಬಹುಮಟ್ಟಿಗೆ ಸರಿ. ಮಗುವಿಗೂ ‘ಕಮ್’, ರಾಷ್ಟ್ರಪತಿಗೂ ‘ಕಮ್’. ಕ್ರಿಯಾಪದದಲ್ಲಿ ಗೌರವಕ್ಕೆ ಜಾಗವಿಲ್ಲದ್ದರಿಂದ ಅದನ್ನು ಹೊರಗಿನಿಂದ ತಂದು ಜೋಡಿಸಬೇಕು. ಕನ್ನಡದಲ್ಲಿ ಗೌರವ ಕ್ರಿಯಾಪದದ ಬಾಲದಲ್ಲೇ ಇದೆ. ಬಾ ಎಂಬುದು ಬನ್ನಿ ಆಗುತ್ತದೆ, ನಮ್ಮ ಕಡೆ ಬರ್ರಿ. ಹಾಗಾಗಿಯೇ ‘ದಯವಿಟ್ಟು’ ಹೆಚ್ಚಾಗಿ ಫಲಕಗಳಲ್ಲಿ, ‘ಧನ್ಯವಾದ’ ಸಭೆಯ ಕೊನೆಯಲ್ಲಿ ಉಳಿದಿವೆ. ಮನೆಯಲ್ಲಿ ಕೃತಜ್ಞತೆ ಹೇಳಬೇಕಾದರೆ ‘ಭಾಳ ಚಲೋ ಆತ್ ನೋಡ್ರಿ’ ಅಂದರೆ ಸಾಕು. ಶೇಂಗಾ ಹೋಳಿಗೆ ಕೊಟ್ಟಾಗ ಮೊಮ್ಮಗಳು ಥ್ಯಾಂಕ್ ಯೂ ಅಂದದ್ದಕ್ಕೆ ಅವ್ವ, ‘ನಾ ಏನ್ ಹೊರಗಿನಾಕಿ ಅದೀನೇನು?’ ಎಂದು ಕೇಳಿದ್ದಳು.

ಇದರ ಉಲ್ಟಾ ಪಾಠ ನನಗೂ ಆಗಿದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಎಂಟೆಕ್ ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಮನಸ್ಸಿನಲ್ಲಿ ‘ಇವತ್ತೇ ಫೈಲ್ ಕಳಿಸ್ರಿ’ ಎಂದುಕೊಂಡು ‘ಸೆಂಡ್ ದಿ ಫೈಲ್ ಟುಡೇ’ ಎಂದು ಹಿರಿಯ ಸಹೋದ್ಯೋಗಿಗೆ ಮೇಲ್ ಬರೆದೆ. ನನ್ನ ‘ರಿ’ ದಾರಿಯಲ್ಲೇ ಉದುರಿಹೋಗಿ ಅವರಿಗೆ ಬರೀ ಆಜ್ಞೆ ತಲುಪಿತ್ತು. ಮ್ಯಾನೇಜರ್ ಕರೆದು ‘ಕುಡ್ ಯೂ’ ಎಂದು ಶುರುಮಾಡಲು ಹೇಳಿಕೊಟ್ಟರು. ಆದ್ದರಿಂದ ಮಕ್ಕಳಿಗೆ ಇಂಗ್ಲಿಷಿನ ಸೌಜನ್ಯದ ಮಾತು ಬೇಡ ಎಂದು ನಾನು ಹೇಳಲಾರೆ. ಬೇಕು, ಚೆನ್ನಾಗಿಯೇ ಬೇಕು. ಆದರೆ ಅದನ್ನು ಕಲಿಸಿದರೆ ಕನ್ನಡದ್ದೂ ತಾನಾಗಿ ಬಂತು ಎಂದು ತಿಳಿಯಬಾರದು.

ಊರಿನಲ್ಲಿ ಇದನ್ನು ಯಾರೂ ಕಲಿಸಬೇಕಿರಲಿಲ್ಲ. ಕಟ್ಟೆಯ ಮೇಲೆ ಅಪ್ಪ ಯಾರಿಗೆ ‘ಬಾರೋ’ ಅಂದ, ಯಾರಿಗೆ ‘ಬರ್ರಿ’ ಅಂದ ಎಂದು ಕೇಳಿಸಿಕೊಂಡೇ ಕಲಿತೆವು. ಭೋಸರಿಯ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಮಗಳು ಕೇಳುವ ಕನ್ನಡ ಯಾವುದು? ನಾನೂ ಹೆಂಡತಿಯೂ ಪರಸ್ಪರ ಏಕವಚನದಲ್ಲೇ ಮಾತಾಡುತ್ತೇವೆ. ಅವಳೊಂದಿಗೆ ‘ಬಾ, ಕೂಡು, ತಿನ್ನು, ಮಲಗು’. ಕನ್ನಡ ಮಾತಾಡುವ ಹಿರಿಯರು ವರ್ಷಕ್ಕೆ ಒಂದೆರಡು ಸಲ ಬಂದರೆ ಹೆಚ್ಚು. ಮಗಳಿಗೆ ಕನ್ನಡ ಬರುತ್ತದೆ ಎಂದು ನಾನು ಹೆಮ್ಮೆಪಡುತ್ತಿದ್ದೆ. ಬರುತ್ತಿದ್ದುದು ಏಕವಚನದ ಅರ್ಧ ಕನ್ನಡ.

ಪರಿಹಾರ ಪಕ್ಕದ ಮನೆಯ ಮರಾಠಿಯಲ್ಲೇ ಸಿಕ್ಕಿತು. ಮಗಳು ಗೆಳತಿಗೆ ‘ಬಸ್’ ಅನ್ನುತ್ತಾಳೆ, ಗೆಳತಿಯ ಅಜ್ಜಿಗೆ ‘ಬಸಾ’ ಅನ್ನುತ್ತಾಳೆ. ಯಾರೂ ಹೇಳಿಕೊಟ್ಟದ್ದಲ್ಲ, ದಿನವೂ ಕೇಳಿ ಬಂದದ್ದು. ‘ಬಸಾ ಅಂದರೆ ನಮ್ಮಲ್ಲಿ ಕೂಡ್ರಿ’ ಎಂದೆ. ಒಂದೇ ಮಾತಿಗೆ ತಿಳಿದುಕೊಂಡಳು. ಈಗ ಊರಿಗೆ ಫೋನ್ ಮಾಡುವಾಗ ಸ್ಪೀಕರ್ ಹಾಕುತ್ತೇವೆ. ಸೋದರಮಾವನ ಜೊತೆ ನಾನು ‘ಹೌದ್ರೀ, ಆತ್ರೀ’ ಅನ್ನುವುದು ಅವಳ ಕಿವಿಗೂ ಬೀಳಲಿ ಎಂದು. ಅಂಗಡಿ ಆಟದಲ್ಲಿ ನಾನು ಗಿರಾಕಿ, ಅವಳು ಸಾಹುಕಾರ್ತಿ. ‘ಏನ್ ಬೇಕ್ರೀ?’ ಎಂದು ಕೇಳದಿದ್ದರೆ ಗಿರಾಕಿ ಎದ್ದು ಹೋಗುತ್ತಾನೆ!

ಹೊರನಾಡಿನಲ್ಲಿ ಮಕ್ಕಳಿಗೆ ಅಕ್ಷರ ಕಲಿಸಲಾಗಲಿಲ್ಲ ಎಂದು ಕೊರಗುವ ಗೆಳೆಯರಿಗೆ ನನ್ನದೊಂದು ಮಾತು. ಅಕ್ಷರಕ್ಕೂ ಮೊದಲು ‘ರಿ’ ಕಲಿಸಿ. ಅದಕ್ಕೆ ಪುಸ್ತಕ ಬೇಡ, ಕ್ಲಾಸೂ ಬೇಡ. ಮಕ್ಕಳ ಎದುರಿಗೆ ನಾವು ದೊಡ್ಡವರು ಪರಸ್ಪರ ಕನ್ನಡದಲ್ಲಿ ಮಾತಾಡಬೇಕು, ಅಷ್ಟೆ.

ಕಳೆದ ತಿಂಗಳು ಆ ಹಿರಿಯರು ಮತ್ತೆ ಬಂದಿದ್ದರು. ಮಗಳು ಬಾಗಿಲು ತೆರೆದು, ಒಂದು ಕ್ಷಣ ಯೋಚಿಸಿ, ‘ಬರ್ರಿ, ಕೂಡ್ರಿ, ಪ್ಲೀಸ್’ ಅಂದಳು. ಆ ಪ್ಲೀಸ್ ಅನ್ನು ನಾನು ತಿದ್ದಲಿಲ್ಲ.