ಪದವಿಯ ಬೆಲೆ, ಸಂಜೆಯ ಬೆಲೆ

ವಿದ್ಯೆಗೆ ವಯಸ್ಸಿನ ಕಟ್ಟಿಲ್ಲವೆಂಬುದು ಹಿರಿಯರ ಮಾತು. ವಿದ್ಯೆಗೆ ಕಟ್ಟಡದ ಹಂಗೂ ಇಲ್ಲವೆಂಬುದನ್ನು ಈ ಕಾಲವು ಅದಕ್ಕೆ ಸೇರಿಸಿದೆ. ಹಗಲೆಲ್ಲ ಬ್ಯಾಂಕಿನ ಲೆಕ್ಕಗಳೊಡನೆ ಹೆಣಗಿ ಮನೆಗೆ ಬಂದ ಗೃಹಸ್ಥನು ಊಟ ಮುಗಿಸಿ, ಮೇಜಿನ ಮುಂದೆ ಕುಳಿತು, ಆನ್‌ಲೈನಿನಲ್ಲಿ ಎಂ.ಎ. ಅರ್ಥಶಾಸ್ತ್ರದ ಪಾಠ ಕೇಳುವುದು ಇಂದು ಅಪರೂಪದ ನೋಟವೇನಲ್ಲ. ಮಕ್ಕಳನ್ನು ಮಲಗಿಸಿ ಪುಸ್ತಕ ಹಿಡಿಯುವ ಉಪಾಧ್ಯಾಯಿನಿಯೂ ಅವನ ಸಹಪಾಠಿಯೇ. ಇಬ್ಬರ ಮನಸ್ಸಿನಲ್ಲಿಯೂ ಇರುವ ಪ್ರಶ್ನೆ ಒಂದೇ: ಈ ಪದವಿಯಿಂದ ಬಡ್ತಿ ದೊರೆತೀತೇ?

ಮನೆಯಲ್ಲಿದ್ದೇ ಪದವೀಧರರಾಗುವ ಯೋಚನೆ ಹೊಸದಲ್ಲ. ಲಂಡನ್ ವಿಶ್ವವಿದ್ಯಾನಿಲಯವು 1858ರಷ್ಟು ಹಿಂದೆಯೇ ಕಾಲೇಜಿನ ಮೆಟ್ಟಿಲು ಹತ್ತದವರಿಗೂ ತನ್ನ ಪರೀಕ್ಷೆಗಳ ಬಾಗಿಲನ್ನು ತೆರೆದಿತ್ತು. ಭಾರತದಲ್ಲಿ ದೆಹಲಿ ವಿಶ್ವವಿದ್ಯಾನಿಲಯವು 1962ರಲ್ಲಿಯೂ, ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿಯೂ ಅಂಚೆಯ ಮೂಲಕ ಶಿಕ್ಷಣ ನೀಡುವ ಏರ್ಪಾಡು ಮಾಡಿದವು. 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವೂ, 1996ರಲ್ಲಿ ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ ಜನ್ಮ ತಾಳಿದವು. ಅಂದು ಅಂಚೆಯವನ ಚೀಲದಲ್ಲಿ ಬರುತ್ತಿದ್ದ ಪಾಠ ಇಂದು ಅಂಗೈಯ ಫೋನಿಗೆ ಬರುತ್ತಿದೆ.

ಇನ್ನು ಬಡ್ತಿಯ ಮಾತು. ಓದಿದವನಿಗೆ ಸಂಬಳವೇಕೆ ಹೆಚ್ಚೆಂಬ ಪ್ರಶ್ನೆಗೆ ಅರ್ಥಶಾಸ್ತ್ರವೇ ಎರಡು ಉತ್ತರಗಳನ್ನು ಕೊಟ್ಟಿದೆ. 1964ರಲ್ಲಿ ‘ಹ್ಯೂಮನ್ ಕ್ಯಾಪಿಟಲ್’ ಎಂಬ ಗ್ರಂಥವನ್ನು ಪ್ರಕಟಿಸಿದ ಗ್ಯಾರಿ ಬೆಕರ್ ಅವರ ಮತದಲ್ಲಿ ವಿದ್ಯೆಯೆಂಬುದು ಬಂಡವಾಳ. ಕಾರ್ಖಾನೆಗೆ ತಂದ ಹೊಸ ಯಂತ್ರದಂತೆ ಅದು ಮನುಷ್ಯನ ಕಾರ್ಯಶಕ್ತಿಯನ್ನು ಹೆಚ್ಚಿಸುತ್ತದೆ. 1973ರಲ್ಲಿ ಮೈಕೇಲ್ ಸ್ಪೆನ್ಸ್ ಬೇರೊಂದು ವಾದವನ್ನು ಮುಂದಿಟ್ಟರು. ಅಭ್ಯರ್ಥಿಯ ಒಳಗಿನ ಸತ್ವವು ಕೆಲಸ ಕೊಡುವವನ ಕಣ್ಣಿಗೆ ಕಾಣದು. ಶ್ರಮಪಟ್ಟು ಪಡೆದ ಪದವಿ ಆ ಸತ್ವದ ಸಂಕೇತವಾಗಿ ನಿಲ್ಲುತ್ತದೆ ಎಂಬುದೇ ಅದರ ತಿರುಳು. ಬೆಕರ್ ಅವರಿಗೆ 1992ರಲ್ಲಿ, ಸ್ಪೆನ್ಸ್ ಅವರಿಗೆ 2001ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಎಂ.ಎ.ಗೆ ಹೆಸರು ಬರೆಸುವ ಮುನ್ನ ಗೃಹಸ್ಥನು ಕೇಳಿಕೊಳ್ಳಬೇಕಾದುದು ಇದನ್ನೇ: ತನಗೆ ಬೇಕಾದುದು ಸಂಕೇತವೋ, ಬಂಡವಾಳವೋ? ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೆ ಕೂರಲು ಅರ್ಥಶಾಸ್ತ್ರದ ಅಥವಾ ಅದಕ್ಕೆ ಸಂಬಂಧಿಸಿದ ವಿಷಯದ ಸ್ನಾತಕೋತ್ತರ ಪದವಿ ಇರಲೇಬೇಕು. ಕಾಲೇಜು ಉಪನ್ಯಾಸಕರಾಗಬಯಸುವವರ ಮಾತೂ ಹಾಗೆಯೇ. ಅಲ್ಲಿ ಪದವಿಯೇ ಬೀಗದ ಕೈ. ಆದರೆ ಈಗಿರುವ ಕಚೇರಿಯಲ್ಲಿಯೇ ಮೇಲೇರಬಯಸುವವನಿಗೆ ಬರಿಯ ಪ್ರಮಾಣಪತ್ರ ಹೆಚ್ಚು ದೂರ ಒಯ್ಯಲಾರದು. ಅಂಕಿ ಅಂಶಗಳನ್ನು ನೋಡಿ ಕಾರಣವಾವುದು, ಕಾಕತಾಳೀಯವಾವುದು ಎಂದು ಬಿಡಿಸಿ ಹೇಳುವ ಶಕ್ತಿ ಬಂದರೆ, ಮೇಲಧಿಕಾರಿ ತಾನಾಗಿಯೇ ಅವನತ್ತ ತಿರುಗುತ್ತಾನೆ.

ಆ ಶಕ್ತಿ ಸುಮ್ಮನೆ ಬರುವುದಿಲ್ಲ. ದೂರಶಿಕ್ಷಣದ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಅಭ್ಯಾಸ. 80 ಕ್ರೆಡಿಟ್‌ಗಳ ಎಂ.ಎ. ಎಂದರೆ 2,400 ಗಂಟೆ. ಎರಡು ವರ್ಷಗಳ ಕಾಲ, ಭಾನುವಾರವೂ ಬಿಡದೆ, ದಿನಕ್ಕೆ 3 ಗಂಟೆಗೂ ಮೀರಿದ ದುಡಿಮೆ. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟ ಇನ್ನೊಂದರ ಬೆಲೆಯನ್ನು ಅರ್ಥಶಾಸ್ತ್ರವು ‘ಅವಕಾಶ ವೆಚ್ಚ’ ಎನ್ನುತ್ತದೆ. ವಿಶ್ವವಿದ್ಯಾನಿಲಯದ ಶುಲ್ಕದ ರಸೀದಿಯಲ್ಲಿ ಈ ವೆಚ್ಚ ಕಾಣುವುದಿಲ್ಲ. ಮಗುವಿನ ಮನೆಪಾಠ, ಹೆಂಡತಿಯೊಡನೆ ಆಡಬೇಕಾದ ನಾಲ್ಕು ಮಾತು, ವಯಸ್ಸಾದ ತಾಯಿಯ ಔಷಧಿಯ ವೇಳೆ—ಇವುಗಳಿಂದ ಕಡಿದು ತಂದ ಗಂಟೆಗಳೇ ಅದರ ನಾಣ್ಯ. “ಅಪ್ಪಾ, ಪಾಠ ಮುಗಿಯಿತೇ?” ಎಂದು ಬಾಗಿಲಲ್ಲಿ ನಿಂತು ಕೇಳುವ ಮಗುವೂ ಆ ಪದವಿಗೆ ಶುಲ್ಕ ತೆರುತ್ತಿದೆ. ಆದುದರಿಂದ ಈ ತೀರ್ಮಾನವನ್ನು ಗಂಡಹೆಂಡಿರು ಕೂಡಿ ಮಾಡುವುದೇ ಲೇಸು. ಎರಡು ವರ್ಷದ ಓದನ್ನು ಮೂರು, ನಾಲ್ಕು ವರ್ಷಗಳಿಗೆ ಹರಡಿಕೊಳ್ಳಲು ಮುಕ್ತ ವಿಶ್ವವಿದ್ಯಾನಿಲಯಗಳಲ್ಲಿ ಅವಕಾಶವುಂಟು. ಅದನ್ನು ಬಳಸಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ.

ಕಾಲೇಜು ಬಿಟ್ಟು ಹತ್ತು ವರ್ಷವಾದವರನ್ನು ಎಡವಿಸುವ ಕಲ್ಲು ಇನ್ನೊಂದಿದೆ; ಅದು ಗಣಿತ. ಇಂದಿನ ಎಂ.ಎ. ಅರ್ಥಶಾಸ್ತ್ರ ಕೇವಲ ಬೇಡಿಕೆ ಪೂರೈಕೆಗಳ ಗೆರೆಗಳಲ್ಲ. ಕಲನಶಾಸ್ತ್ರವೂ ಸಂಖ್ಯಾಶಾಸ್ತ್ರವೂ ಅದರ ಮೂಳೆಗಳು. 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಸ್ವಯಂ’ ಜಾಲತಾಣದಲ್ಲಿ ಪಾಠ ಕೇಳಲು ಹಣ ಕೊಡಬೇಕಿಲ್ಲ. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಅಲ್ಲಿ ಒಂದೆರಡು ವಿಷಯಗಳನ್ನು ಕೊನೆಯವರೆಗೆ ಓದಿ ನೋಡಿದವನಿಗೆ ತನ್ನ ಬಲವೂ ಬಲಹೀನತೆಯೂ ತಿಳಿಯುತ್ತವೆ. ಹಣ ಕಟ್ಟಿದ ಮೇಲೆ ಪೇಚಾಡುವುದಕ್ಕಿಂತ ಇದು ವಿವೇಕ.

ಮಾನ್ಯತೆಯ ವಿಚಾರದಲ್ಲಿಯೂ ಎಚ್ಚರ ಬೇಕು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2020ರ ನಿಯಮಗಳ ಪ್ರಕಾರ, ಮಾನ್ಯತೆ ಪಡೆದ ಸಂಸ್ಥೆಯ ಆನ್‌ಲೈನ್ ಪದವಿ ತರಗತಿಯ ಪದವಿಗೆ ಸಮಾನ. ಮಾನ್ಯತೆಯೇ ಇಲ್ಲದಿದ್ದರೆ ಸಮಾನತೆಯೂ ಇಲ್ಲ. ಜಾಹೀರಾತಿನ ನುಣ್ಣನೆಯ ಮಾತನ್ನು ನಂಬದೆ, ಆ ವರ್ಷಕ್ಕೆ, ಆ ವಿಷಯಕ್ಕೆ ಒಪ್ಪಿಗೆ ಇದೆಯೇ ಎಂಬುದನ್ನು ಆಯೋಗದ ಪಟ್ಟಿಯಲ್ಲಿಯೇ ನೋಡಿಕೊಳ್ಳತಕ್ಕದ್ದು.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಓದಬೇಕೆಂಬ ಆಸೆ ಉಳಿದರೆ, ಧೈರ್ಯವಾಗಿ ಓದಬಹುದು. ಬಡ್ತಿ ತಡವಾದರೂ, ತನ್ನ ಕಾಲವನ್ನು ಅಳೆದು ತೂಗಿ ವ್ಯಯಿಸಿದವನು ಅರ್ಥಶಾಸ್ತ್ರದ ಮೊದಲ ಪಾಠವನ್ನು ಆಗಲೇ ಕಲಿತಿರುತ್ತಾನೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಗಾದೆಯಿದೆ. ಆ ಒಕ್ಕಾಲನ್ನು ಆನ್‌ಲೈನಿನಲ್ಲಿ ಪಡೆಯಬಹುದು. ಮುಕ್ಕಾಲನ್ನು ಅವರವರು ಮನೆಯಿಂದಲೇ ತರಬೇಕು.