ಊರಿನ ಪಲಟಣ, ಊರಿನ ಹೊಣೆ: ಬ್ರಿಟನ್ನಿನ ರೆಜಿಮೆಂಟ್ ಕಚೇರಿಗಳು

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹೆಚ್ಚಿನವರು ಸೇನೆಯ ರೆಜಿಮೆಂಟನ್ನು ಕಾಣುವುದು ವರ್ಷಕ್ಕೊಮ್ಮೆ, ನವೆಂಬರ್ ತಿಂಗಳ ಸ್ಮರಣೆಯ ಭಾನುವಾರದಂದು. ಪುರಭವನದ ಮುಂದೆ ಬ್ಯಾಂಡು, ಪದಕ ಧರಿಸಿದ ಹಿರಿಯರು, ಕೆಂಪು ಪಾಪಿ ಹೂವಿನ ಮಾಲೆಗಳು. ಈ ಮೆರವಣಿಗೆಯ ಹಿಂದೆ ಪ್ರತಿಯೊಂದು ರೆಜಿಮೆಂಟಿಗೂ ತನ್ನ ಪ್ರದೇಶದೊಡನೆ ನಂಟನ್ನು ಕಾಪಾಡುವ ಒಂದು ಸಣ್ಣ ಕಚೇರಿ ಇರುತ್ತದೆ. ಸೇನೆ ಕುಗ್ಗುತ್ತಿರುವ ಈ ಕಾಲದಲ್ಲಿ ಆ ಕಚೇರಿ ಯಾರನ್ನು ತನ್ನವರೆಂದು ಎಣಿಸುತ್ತದೆ, ಯಾರು ಅದರ ಕಣ್ಣಿಗೆ ಬೀಳುವುದಿಲ್ಲ ಎಂಬುದು ಸಮಾರಂಭದ ಪ್ರಶ್ನೆಯಲ್ಲ, ಆರೋಗ್ಯದ ಪ್ರಶ್ನೆ.

ಯಾರ್ಕ್‌ಷೈರ್ ರೆಜಿಮೆಂಟನ್ನು ಉದಾಹರಣೆಯಾಗಿ ನೋಡಬಹುದು. ಬ್ರಿಟಿಷ್ ಕಾಲಾಳು ಪಡೆಗಳನ್ನು ನಿರ್ದಿಷ್ಟ ಪ್ರದೇಶಗಳಿಗೆ ಜೋಡಿಸುವ ಕ್ರಮ 1870ರ ದಶಕದಲ್ಲಿ ಯುದ್ಧಮಂತ್ರಿ ಕಾರ್ಡ್‌ವೆಲ್ಲರ ಸುಧಾರಣೆಗಳಿಂದ ಆರಂಭವಾಯಿತು. 1881ರಲ್ಲಿ ಚಿಲ್ಡರ್ಸ್ ಅದನ್ನು ಪೂರ್ಣಗೊಳಿಸಿ, ಹಳೆಯ ಸಂಖ್ಯೆಗಳ ಬದಲು ಸೀಮೆಗಳ ಹೆಸರುಗಳನ್ನು ಕೊಟ್ಟರು. ಆಗ 33ನೆಯ ಮತ್ತು 76ನೆಯ ರೆಜಿಮೆಂಟುಗಳು ಒಂದಾಗಿ, ಡ್ಯೂಕ್ ಆಫ್ ವೆಲಿಂಗ್ಟನ್ನನ ಹೆಸರಿನಲ್ಲಿ ವೆಸ್ಟ್ ರೈಡಿಂಗ್ ಪ್ರದೇಶದ ಪಡೆಯಾದವು. ಹ್ಯಾಲಿಫ್ಯಾಕ್ಸ್ ಅದರ ನೆಲೆಯಾಯಿತು. ಕನ್ನಡಿಗರಿಗೆ ಈ 33ನೆಯ ರೆಜಿಮೆಂಟು ತೀರ ಅಪರಿಚಿತವಲ್ಲ. 1799ರಲ್ಲಿ ಟಿಪ್ಪು ಸುಲ್ತಾನನ ವಿರುದ್ಧ ಶ್ರೀರಂಗಪಟ್ಟಣಕ್ಕೆ ಬಂದ ಪಡೆಗಳಲ್ಲಿ ಅದೂ ಇತ್ತು. ಮುಂದೆ ವೆಲಿಂಗ್ಟನ್ನನಾದ ಆರ್ಥರ್ ವೆಲ್ಲೆಸ್ಲಿ ಅದರ ಕರ್ನಲ್ ಆಗಿದ್ದನು. ಆ ರೆಜಿಮೆಂಟಿನ ಯುದ್ಧಗೌರವಗಳ ಪಟ್ಟಿಯಲ್ಲಿ ನಮ್ಮ ಕಾವೇರಿ ದ್ವೀಪದ ಹೆಸರು 'ಸೆರಿಂಗಪಟಂ' ಎಂದು ದಾಖಲಾಗಿದೆ.

2006ರ ಜೂನ್ 6ರಂದು ಈ ರೆಜಿಮೆಂಟು, ರಿಚ್ಮಂಡ್ ಪಟ್ಟಣದ ಗ್ರೀನ್ ಹೋವರ್ಡ್ಸ್ ಹಾಗೂ ಪ್ರಿನ್ಸ್ ಆಫ್ ವೇಲ್ಸಸ್ ಓನ್ ರೆಜಿಮೆಂಟುಗಳೊಡನೆ ವಿಲೀನವಾಗಿ ಯಾರ್ಕ್‌ಷೈರ್ ರೆಜಿಮೆಂಟ್ ಆಯಿತು. ಮೊದಲಿಗೆ ಮೂರು ಪೂರ್ಣಾವಧಿ ಬೆಟಾಲಿಯನ್‌ಗಳಿದ್ದವು. ಕೆಲವೇ ವರ್ಷಗಳಲ್ಲಿ ಅವು ಎರಡಕ್ಕಿಳಿದವು. ಹೀಗೆ ಪಡೆ ಕರಗಿದರೂ ಪಟ್ಟಣಗಳ ನೆನಪು ಕರಗುವುದಿಲ್ಲ. ವಸ್ತುಸಂಗ್ರಹಾಲಯ, ಮಾಜಿ ಸೈನಿಕರ ಸಂಘ, ನಗರಸಭೆಯೊಡನೆ ಸಂಪರ್ಕ, ಕೆಡೆಟ್ ಪಡೆಗಳ ಬೆಂಬಲ, ಕಷ್ಟದಲ್ಲಿರುವವರಿಗೆ ನೆರವಿನ ನಿಧಿ ಇವೆಲ್ಲವೂ ಕಚೇರಿಯ ಪಾಲಿಗೆ ಬರುತ್ತವೆ. ನೆರವಿನ ಕ್ರಮ ಸರಳವಾದುದು. ಎಸ್.ಎಸ್.ಎ.ಎಫ್.ಎ.ಯಂತಹ ದತ್ತಿ ಸಂಸ್ಥೆಯ ಸ್ವಯಂಸೇವಕರು ಮನೆಗೆ ಹೋಗಿ ಪರಿಸ್ಥಿತಿಯನ್ನು ನೋಡುತ್ತಾರೆ. ಅವರ ವರದಿಯ ಆಧಾರದ ಮೇಲೆ ರೆಜಿಮೆಂಟಿನ ನಿಧಿ ಬಾಡಿಗೆ ಬಾಕಿಗೋ ಗಾಲಿಕುರ್ಚಿಗೋ ಹಣ ಕೊಡುತ್ತದೆ.

ಈ ವ್ಯವಸ್ಥೆಯ ಬಲವೂ ದೌರ್ಬಲ್ಯವೂ ಒಂದೇ ಕಡೆ ಇವೆ. ತಾನಾಗಿ ಸಂಘಕ್ಕೆ ಬಂದವನನ್ನು ಅದು ಚೆನ್ನಾಗಿ ಬಲ್ಲದು, ಬಾರದವನನ್ನು ಅರಿಯದು. ಬಾರದವರಲ್ಲಿಯೇ ಅಪಾಯ ಹೆಚ್ಚು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನವು, ಸೇನೆ ಬಿಟ್ಟವರಲ್ಲಿ ಆತ್ಮಹತ್ಯೆಯ ಪ್ರಮಾಣವು ಒಟ್ಟಾರೆಯಾಗಿ ಸಾಮಾನ್ಯ ಜನರಿಗಿಂತ ಹೆಚ್ಚಿಲ್ಲವೆಂದು ತೋರಿಸಿತು. ಆದರೆ 24 ವರ್ಷದೊಳಗಿನ ಗಂಡಸರಲ್ಲಿ ಅದು ಎರಡರಿಂದ ಮೂರು ಪಟ್ಟು ಅಧಿಕವಾಗಿತ್ತು. ಅಲ್ಪಕಾಲ ಸೇವೆ ಸಲ್ಲಿಸಿ ಹೊರಬಂದವರಲ್ಲಿ ಅಪಾಯ ಹೆಚ್ಚಾಗಿತ್ತು. ಅತ್ಯಂತ ಕಿರಿಯರು ಮಾನಸಿಕ ಆರೋಗ್ಯ ತಜ್ಞರ ಬಳಿಗೆ ಹೋದುದೂ ಅತಿ ಕಡಿಮೆ. ಪದಕವಿಲ್ಲದ, ಯುದ್ಧವನ್ನೇ ಕಾಣದ ಇಂತಹ ಯುವಕನು ತನ್ನನ್ನು ಮಾಜಿ ಸೈನಿಕನೆಂದು ಭಾವಿಸುವುದೇ ಅಪರೂಪ. ಸ್ಮರಣೆಯ ಭಾನುವಾರದ ಸಾಲಿನಲ್ಲಿ ಅವನು ನಿಲ್ಲುವುದಿಲ್ಲ.

ಇಲ್ಲಿ ಕರ್ನಾಟಕದ ಕ್ರಮವನ್ನು ಹೋಲಿಸುವುದು ಉಪಯುಕ್ತ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ. ಬೆಂಗಳೂರಿನಲ್ಲಿ ಮದ್ರಾಸ್ ಸ್ಯಾಪರ್ಸ್ ಕೇಂದ್ರವಿದೆ. ಆದರೆ ನಿವೃತ್ತ ಸೈನಿಕನ ಅಥವಾ ಅವನ ವಿಧವೆಯ ಹೆಸರು ನೋಂದಣಿಯಾಗುವುದು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ. ಕೊಡಗಿನ ಯೋಧನು ಯಾವ ರೆಜಿಮೆಂಟಿನಲ್ಲಿ ದುಡಿದಿದ್ದರೂ ಮಡಿಕೇರಿಯ ಕಚೇರಿಗೆ ಹೋಗಬಹುದು. ಪಿಂಚಣಿದಾರರ ಚಿಕಿತ್ಸೆಗೆ 2003ರಿಂದ ಇ.ಸಿ.ಎಚ್.ಎಸ್. ಎಂಬ ಪ್ರತ್ಯೇಕ ಯೋಜನೆಯಿದೆ; ಅದರ ಚಿಕಿತ್ಸಾಲಯಕ್ಕೆ ಬಂದವನು ಸೈನಿಕನೆಂದು ವೈದ್ಯನಿಗೆ ತಿಳಿದೇ ಇರುತ್ತದೆ. ಬ್ರಿಟನ್ನಿನಲ್ಲಿ ಎಲ್ಲರಿಗೂ ಒಂದೇ ಎನ್.ಎಚ್.ಎಸ್. ಸೇನೆಯಿಂದ ಹೊರಬಂದವನು ತಾನೇ ಜಿ.ಪಿ.ಯ ಬಳಿ ಹೆಸರು ಬರೆಸಬೇಕು. ಹೇಳದಿದ್ದರೆ, ಕೇಳದಿದ್ದರೆ, ಅವನ ಸೈನ್ಯದ ಬದುಕು ದಾಖಲೆಗೆ ಸೇರುವುದೇ ಇಲ್ಲ.

ಪರಿಹಾರದ ಚೌಕಟ್ಟು ಈಗಾಗಲೇ ಇದೆ. 2021ರ ಜನಗಣತಿಯಲ್ಲಿ ಮೊದಲ ಬಾರಿಗೆ ಸೇನಾ ಸೇವೆಯ ಪ್ರಶ್ನೆ ಕೇಳಲಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 18.5 ಲಕ್ಷ ಜನ, ಅಂದರೆ 16 ವರ್ಷ ಮೀರಿದವರಲ್ಲಿ ಶೇಕಡಾ 3.8ರಷ್ಟು ಮಂದಿ, ಹಿಂದೆ ಸೇವೆ ಸಲ್ಲಿಸಿದ್ದರು. ಅದೇ ವರ್ಷ ಮಾಜಿ ಸೈನಿಕರ ಮಾನಸಿಕ ಆರೋಗ್ಯಕ್ಕಾಗಿ 'ಆಪ್ ಕರೇಜ್' ಸೇವೆ ಇಂಗ್ಲೆಂಡಿನಲ್ಲಿ ಆರಂಭವಾಯಿತು. 2022ರ ನವೆಂಬರಿನಿಂದ ಆರೋಗ್ಯ, ಶಿಕ್ಷಣ ಮತ್ತು ವಸತಿ ಸಂಸ್ಥೆಗಳು ಸೇನಾ ಒಡಂಬಡಿಕೆಯ ತತ್ವಗಳನ್ನು ಗಮನದಲ್ಲಿರಿಸಿಕೊಳ್ಳುವುದು ಕಾನೂನಿನ ಕರ್ತವ್ಯವಾಗಿದೆ. ಕಾನೂನು ಗಮನವನ್ನು ಬೇಡುತ್ತದೆ, ಆದರೆ ವ್ಯಕ್ತಿಯನ್ನು ಹುಡುಕಿಕೊಡುವುದಿಲ್ಲ. ಹುಡುಕುವ ಕೆಲಸವನ್ನು ರೆಜಿಮೆಂಟಿನ ಕಚೇರಿಯೂ ಸ್ಥಳೀಯ ಚಿಕಿತ್ಸಾಲಯವೂ ಒಟ್ಟಾಗಿ ಮಾಡಬೇಕು. ಕಚೇರಿಯ ಸಂಪರ್ಕಗಳು ಚರ್ಚು ಮತ್ತು ನಗರಸಭೆಗಳಿಗೆ ಸೀಮಿತವಾಗದೆ ಚಿಕಿತ್ಸಾಲಯ, ಮಸೀದಿ, ಗುರುದ್ವಾರ, ದೇವಾಲಯಗಳನ್ನೂ ಮುಟ್ಟಬೇಕು. ಹ್ಯಾಲಿಫ್ಯಾಕ್ಸ್, ಬ್ರಾಡ್‌ಫರ್ಡ್‌ಗಳಲ್ಲಿ ದಕ್ಷಿಣ ಏಷ್ಯಾ ಮೂಲದವರು ಇಂದು ಊರಿನವರೇ.

ಉತ್ತರ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿಯೂ ಜಿ.ಪಿ. ಚಿಕಿತ್ಸಾಲಯಗಳಲ್ಲಿಯೂ ದುಡಿಯುವ ಕನ್ನಡಿಗ ವೈದ್ಯರು ಕಡಿಮೆಯಿಲ್ಲ. ನಿದ್ದೆಯಿಲ್ಲವೆಂದೋ ಕುಡಿತ ಹೆಚ್ಚಾಯಿತೆಂದೋ ಬರುವ ಯುವಕನನ್ನು "ಸೇನೆಯಲ್ಲಿ ಇದ್ದಿರಾ?" ಎಂದು ಕೇಳಲು ಅರ್ಧ ನಿಮಿಷ ಸಾಕು. ಹೌದೆಂದರೆ ದಾಖಲೆಯಲ್ಲಿ ಗುರುತು ಹಾಕಿ, ಲಭ್ಯವಿರುವ ಸೇವೆಯನ್ನೂ ಅವನ ರೆಜಿಮೆಂಟಿನ ಸಂಘವನ್ನೂ ತಿಳಿಸಬೇಕು. ಮನೆಯ ಬಳಿ ಅಂಥವರನ್ನು ಬಲ್ಲ ಇತರ ಓದುಗರೂ ಈ ಮಾಹಿತಿಯನ್ನು ದಾಟಿಸಬಹುದು. ಅವನು ಒಂದೇ ವರ್ಷ ಸೇವೆ ಸಲ್ಲಿಸಿದ್ದರೂ ಈ ನೆರವಿಗೆ ಅರ್ಹನು. ಅದನ್ನು ಅವನಿಗೆ ಯಾರಾದರೂ ಹೇಳಬೇಕಾಗಿದೆ.